ಬ್ಯಾಸಗಿಯ ತಂಪು ಸೂಪಿಗೆ ಅಂಬಲಿಯಿಂದ ಶುರು ಮಾಡಿರಿ

ಬಿಸಿ ಸೂಪು ಮಾಡಿ, ಆರಿಸಿ, ಫ್ರಿಜ್ಜಿನಲ್ಲಿಟ್ಟರೆ ಅದೇ ತಂಪು ಸೂಪು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೆ ಆಗುವುದಿಲ್ಲ. ಮೇಲೆ ಹಾಕಿದ ತುಪ್ಪ ಹೆಪ್ಪುಗಟ್ಟಿ ಅಂಗುಳಕ್ಕೆ ಅಂಟುತ್ತದೆ, ಕಾರ್ನ್‌ಫ್ಲೋರ್ ಇದ್ದರೆ ಇಡೀ ಸೂಪು ಗಡ್ಡೆ ಕಟ್ಟುತ್ತದೆ, ಹಾಕಿದ ಉಪ್ಪು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ತಣ್ಣಗೆ ಕುಡಿಯುವುದನ್ನು ಒಲೆ ಹಚ್ಚುವ ಮೊದಲೇ ತಣ್ಣಗೆ ಕುಡಿಯಲಿಕ್ಕೆಂದೇ ಲೆಕ್ಕ ಹಾಕಿ ಮಾಡಬೇಕು. ಯಾವ ಹಿಟ್ಟು, ಯಾವ ಎಣ್ಣೆ, ಉಪ್ಪು ಯಾವಾಗ, ಲಿಂಬೆಹಣ್ಣು ಯಾವಾಗ ಎಂಬುದೆಲ್ಲ ಬೇರೆಯೇ ಆಗುತ್ತದೆ.

ನಮ್ಮ ಓಣಿಯ ಸೊಸೆಯೊಬ್ಬಳು ಮೊನ್ನೆ ಬೋಗುಣಿ ಹಿಡಿದುಕೊಂಡೇ ಬಂದಳು. "ಕಾಕೂ, ರಾತ್ರಿ ಸೂಪು ಮಾಡಿ ಫ್ರಿಜ್ಜಿನಾಗ ಇಟ್ಟಿದ್ದೆ. ಈಗ ನೋಡಿದ್ರ ಚಮಚಾ ನೆಟ್ಟಗ ನಿಂದರಲಿಕ್ಹತ್ತದ ನೋಡ್ರಿ."

"ಕಾರ್ನ್‌ಫ್ಲೋರ್ ಎಷ್ಟ ಹಾಕೀದಿ ತಂಗಿ?"

"ಪಾಕೀಟಿನ ಮ್ಯಾಲೆ ಬರದಷ್ಟ ಹಾಕೀನ್ರಿ."

ಪಾಕೀಟಿನ ಮೇಲಿನ ಅಳತೆ ಬಿಸಿಯಾಗಿ ಕುಡಿಯುವವರಿಗೆ. ಬೆಂದ ಪಿಷ್ಟ ಆರುತ್ತಾ ಹೋದಂತೆ ಬಿಗಿಯುತ್ತದೆ, ಫ್ರಿಜ್ಜಿನಲ್ಲಿ ಇನ್ನೂ ಬಿಗಿಯುತ್ತದೆ. ಕಾರ್ನ್‌ಫ್ಲೋರ್ ಬರೀ ಪಿಷ್ಟವೇ ಆದ್ದರಿಂದ ಅದು ಅಲುಗಾಡುವ ಗಡ್ಡೆಯಾಗಿ ಕೂಡುತ್ತದೆ. ಅದನ್ನು ನೀರು ಹಾಕಿ ಕಲಕಿದರೆ ತುಂಡು ತುಂಡಾಗುತ್ತದೆಯೇ ಹೊರತು ಸರಿಯಾಗುವುದಿಲ್ಲ.

ನಮ್ಮ ಸೀಮೆಯವರಿಗೆ ಇದಕ್ಕೆ ಬೇರೆ ಹಿಟ್ಟು ಹುಡುಕುವ ಕೆಲಸವೇ ಇಲ್ಲ, ಜೋಳ ಇದೆ. ಹಿಂಗಾರಿ ಬಿಳಿಜೋಳ ಸುಗ್ಗಿ ಮುಗಿದು ಬ್ಯಾಸಗಿಗೆ ಸರಿಯಾಗಿ ಮನೆಗೆ ಬಂದಿರುತ್ತದೆ. ಹೊಲಕ್ಕೆ ಹೋಗುವವರು ತಲೆಮಾರುಗಳಿಂದ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿದೇ ಏಪ್ರಿಲ್ ಬಿಸಿಲನ್ನು ದಾಟಿದ್ದಾರೆ. ಗದಗ, ರೋಣ, ನರಗುಂದದ ಎರಿ ಭೂಮಿಯ ಬಿಸಿಲು ಕಂಡವರಿಗೆ ಆ ಅಂಬಲಿಯ ಬೆಲೆ ಬೇರೆ ಹೇಳಬೇಕಿಲ್ಲ. ಅದೇ ಅಂಬಲಿಗೆ ಕಾಯಿಪಲ್ಯ ಸೇರಿಸಿದರೆ ತಂಪು ಸೂಪು ಆಯಿತು. ಸ್ಪೇನ್ ದೇಶದ ದಕ್ಷಿಣಕ್ಕೆ ಆಂದಲೂಸಿಯಾ ಎಂಬ ಸೀಮೆ ಇದೆ, ಅದೂ ಸುಡುವ ಬಿಸಿಲಿನ ನಾಡು. ಅಲ್ಲಿಯ ಹೊಲದ ಆಳುಗಳು ಒಣಗಿದ ಬ್ರೆಡ್ಡು, ಬಳ್ಳೊಳ್ಳಿ, ಆಲಿವ್ ಎಣ್ಣೆ, ವಿನೆಗರ್, ನೀರು ಕೂಡಿಸಿ ಕುಟ್ಟಿ ಕುಡಿಯುತ್ತಿದ್ದರು. ಅಮೆರಿಕ ಖಂಡದಿಂದ ಟೊಮ್ಯಾಟೊ ಬಂದ ಮೇಲೆ ಅದು ಕೆಂಪಾಗಿ ಗಸ್ಪಾಚೊ ಎಂದು ಲೋಕಕ್ಕೆಲ್ಲ ಗೊತ್ತಾಯಿತು. ದುಡಿಯುವವರ ಹೊಟ್ಟೆ ತಂಪು ಮಾಡಲು ಹುಟ್ಟಿದ ಅಡುಗೆ ಅದು. ಹೋಟೆಲಿನ ವಸ್ತು ಎಂದು ಅಂಜಬೇಡಿರಿ.

ಅಂಬಲಿ ಹೀಗೆ ಮಾಡಿರಿ. ನಾಲ್ಕು ಮಂದಿಗೆ ಎರಡು ದೊಡ್ಡ ಚಮಚ ಜೋಳದ ಹಿಟ್ಟು ಸಾಕು. ಅದನ್ನು ಅರ್ಧ ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಎರಡು ಬಟ್ಟಲು ನೀರಿಗೆ ಸುರಿದು, ಕೈ ಬಿಡದೆ ತಿರುವಿರಿ. ಹಸಿ ವಾಸನೆ ಪೂರ್ತಿ ಹೋಗುವ ತನಕ, ಅಂದರೆ ಎಂಟು ಹತ್ತು ನಿಮಿಷ, ಸಣ್ಣ ಉರಿಯಲ್ಲಿ ಬೇಯಲಿ. ಹಸಿ ಉಳಿದ ಜೋಳ ತಣ್ಣಗಾದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಜೋಳದ ಹಿಟ್ಟೂ ಆರಿದಾಗ ಬಿಗಿಯುತ್ತದೆ, ಆದರೆ ಅದರಲ್ಲಿ ನಾರು ತವುಡು ಇರುವುದರಿಂದ ಕಡಗೋಲು ಆಡಿಸಿದರೆ ಮತ್ತೆ ಸಡಿಲಾಗುತ್ತದೆ. ಬಿಸಿ ಇದ್ದಾಗ ಮಜ್ಜಿಗೆಯಷ್ಟು ತೆಳ್ಳಗಿದ್ದರೆ ಸರಿ. ಆಗಲೇ ಸೂಪಿನಷ್ಟು ದಪ್ಪ ಕಂಡರೆ ಇನ್ನೊಂದು ಬಟ್ಟಲು ನೀರು ಹಾಕಿ ಕುದಿಸಿರಿ.

ಮೊದಲು ಸವತೀಕಾಯಿಯದ್ದು ಮಾಡಿ ನೋಡಿರಿ, ಇದರಲ್ಲಿ ಕೆಡುವುದು ಕಡಿಮೆ. ಅರ್ಧ ಕಿಲೋ ಎಳೆ ಸವತೀಕಾಯಿ ಬೇಕು. ಪ್ರತಿಯೊಂದರ ತೊಟ್ಟಿನ ಕಡೆ ಒಂದು ಬಿಲ್ಲೆ ಕೊಯ್ದು ತಿಂದು ನೋಡಿರಿ, ಒಂದನ್ನೂ ಬಿಡದೆ. ಒಂದೇ ಒಂದು ಕಹಿ ಕಾಯಿ ಒಳಗೆ ಹೋದರೂ ಬೋಗುಣಿಯಷ್ಟೂ ಕೆಟ್ಟಂತೆ. ಸಿಪ್ಪೆ ಹೆರೆದು, ಬೀಜ ಬಲಿತಿದ್ದರೆ ತೆಗೆದು, ಅರ್ಧ ಪಾಲನ್ನು ತುರಿಯಿರಿ, ಉಳಿದ ಅರ್ಧವನ್ನು ಸಣ್ಣಗೆ ಹೆಚ್ಚಿರಿ. ಹೆಚ್ಚಿದ್ದಕ್ಕೆ ಚಿಟಿಕೆ ಉಪ್ಪು ಸವರಿ ಹದಿನೈದು ನಿಮಿಷ ಬಿಟ್ಟು ಹಿಂಡಿದರೆ ನೀರು ಹೊರಗೆ ಬಂದು, ಕಾಯಿ ಸೂಪಿನಲ್ಲಿ ಕಡೆಯ ತನಕ ಕರಕರ ಉಳಿಯುತ್ತದೆ. ಹಿಂಡಿದ ನೀರನ್ನು ಚೆಲ್ಲಬೇಡಿರಿ, ಅದು ಅಂಬಲಿಗೇ ಹೋಗಲಿ. ಅದರಲ್ಲಿ ಉಪ್ಪು ಇರುವುದನ್ನು ಮಾತ್ರ ನೆನಪಿಡಿರಿ.

ಪೂರ್ತಿ ಆರಿದ ಅಂಬಲಿಗೆ ಎರಡು ಬಟ್ಟಲು ಕಡೆದ ಮೊಸರು, ಸವತೀಕಾಯಿ, ಒಂದು ಹಿಡಿ ಸಣ್ಣಗೆ ಹೆಚ್ಚಿದ ಸಬ್ಬಸಗಿ, ಉಪ್ಪಿನ ಜೊತೆ ಜಜ್ಜಿದ ಒಂದು ಎಸಳು ಬಳ್ಳೊಳ್ಳಿ. ಸಬ್ಬಸಗಿಯನ್ನು ನಾವು ಪಲ್ಯಕ್ಕೆ, ಬ್ಯಾಳಿಗೆ ಅಷ್ಟೇ ಬಳಸುತ್ತೇವೆ. ಬಲ್ಗೇರಿಯಾ ದೇಶದಲ್ಲಿ ಬ್ಯಾಸಗಿ ಬಂತೆಂದರೆ ಮೊಸರು, ಸವತೀಕಾಯಿ, ಬಳ್ಳೊಳ್ಳಿ, ಅಕ್ರೋಟ ಹಾಕಿ ತಾರಾತೋರ್ ಎಂಬ ತಂಪು ಸೂಪು ಮಾಡುತ್ತಾರೆ, ಅದಕ್ಕೆ ಪರಿಮಳ ಕೊಡುವುದು ಇದೇ ಸಬ್ಬಸಗಿ. ಅಕ್ರೋಟಿನ ಜಾಗದಲ್ಲಿ ನಾನು ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾ ಹಾಕುತ್ತೇನೆ. ಬಾಯಿಗೆ ಅದೇ ಹೆಚ್ಚು ಹಿತ, ಕಿಸೆಗೂ ಭಾರವಿಲ್ಲ. ಶೇಂಗಾ ಬಡಿಸುವ ಹೊತ್ತಿಗೆ ಮೇಲೆ ಉದುರಿಸಿರಿ, ಮೊದಲೇ ಹಾಕಿದರೆ ಮೆತ್ತಗಾಗುತ್ತದೆ. ಬಳ್ಳೊಳ್ಳಿಯ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಹಸಿ ಬಳ್ಳೊಳ್ಳಿಯ ಘಾಟು ಫ್ರಿಜ್ಜಿನಲ್ಲಿದ್ದಷ್ಟು ಹೊತ್ತೂ ಏರುತ್ತಲೇ ಹೋಗುತ್ತದೆ. ಮಧ್ಯಾಹ್ನ ಹಿತವಾಗಿದ್ದದ್ದು ರಾತ್ರಿಗೆ ಖಾರವಾಗಿರುತ್ತದೆ.

ಒಗ್ಗರಣೆಯ ಎಣ್ಣೆ ನನಗೆ ಬಹಳ ಮುಖ್ಯ. ತುಪ್ಪ ಬೇಡವೇ ಬೇಡ. ಶೇಂಗಾ ಎಣ್ಣೆಯೂ ಫ್ರಿಜ್ಜಿನ ತಂಪಿಗೆ ಮಂದವಾಗುತ್ತದೆ. ಕುಸುಬಿ ಎಣ್ಣೆ ಮಾತ್ರ ಫ್ರಿಜ್ಜಿನ ತಂಪಿನಲ್ಲೂ ತೆಳ್ಳಗೇ ಉಳಿಯುತ್ತದೆ. ಧಾರವಾಡ, ಗದಗ ಜಿಲ್ಲೆಯ ಎರಿ ಹೊಲಗಳಲ್ಲಿ ಜೋಳ, ಕಡಲೆಯ ಜೊತೆಗೆ ಕುಸುಬಿ ಬೆಳೆಯುವುದು ಹಳೆಯ ರೂಢಿ, ಅದರ ಎಣ್ಣೆಯೂ ಅಡುಗೆಮನೆಯಲ್ಲಿ ಇರುತ್ತಿತ್ತು. ಈಗಿನ ಮನೆಗಳಲ್ಲಿ ಅದು ಕಾಣುವುದು ಕಡಿಮೆ. ಗಾಣದ ಕುಸುಬಿ ಎಣ್ಣೆ ಸಿಕ್ಕರೆ ಬ್ಯಾಸಗಿಯ ಮಟ್ಟಿಗಾದರೂ ಒಂದು ಸಣ್ಣ ಬಾಟಲಿ ತಂದಿಟ್ಟುಕೊಳ್ಳಿರಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಗಿ, ನಾಲ್ಕೆಲೆ ಕರಿಬೇವು ಸಿಡಿಸಿ, ಆರಿಸಿ, ಆಮೇಲೆ ಸೂಪಿಗೆ ಹಾಕಿರಿ. ಬಿಸಿ ಒಗ್ಗರಣೆ ಮೊಸರಿಗೆ ಬೀಳಬಾರದು.

ಇನ್ನು ಉಪ್ಪು, ಹುಳಿ. ತಂಪಾದ ಪದಾರ್ಥದ ರುಚಿ ನಾಲಿಗೆಗೆ ಮಂದವಾಗಿ ತಾಗುತ್ತದೆ. ಬಿಸಿ ಇದ್ದಾಗ ಸರಿಯೆನಿಸಿದ ಉಪ್ಪು ತಂಪಾದ ಮೇಲೆ ಸಪ್ಪೆಯಾಗುವುದು ಅದಕ್ಕೇ. ಹಾಗೆಂದು ಮೊದಲೇ ಹೆಚ್ಚು ಸುರಿಯಬೇಡಿರಿ. ಅರ್ಧ ಉಪ್ಪು ಮಾಡುವಾಗ ಹಾಕಿ, ಪೂರ್ತಿ ತಂಪಾದ ಮೇಲೆ ರುಚಿ ನೋಡಿ ಉಳಿದದ್ದು ಹಾಕಿರಿ. ರಕ್ತದೊತ್ತಡ ಇದ್ದವರ ಬಟ್ಟಲನ್ನು ಆ ಎರಡನೆಯ ಉಪ್ಪಿಗೆ ಮೊದಲೇ ಬೇರೆ ತೆಗೆದಿಡಿರಿ, ಅವರಿಗೆ ಲಿಂಬೆರಸ ಸ್ವಲ್ಪ ಹೆಚ್ಚು ಹಿಂಡಿದರೆ ಉಪ್ಪಿನ ಕೊರತೆ ಅಷ್ಟು ತೋರುವುದಿಲ್ಲ. ಲಿಂಬೆ ಯಾವತ್ತೂ ಕಡೆಗೆ.

ಟೊಮ್ಯಾಟೊ ಸೂಪು ಬೇಕೆನ್ನುವ ಮಕ್ಕಳಿರುತ್ತಾರೆ. ಅರ್ಧ ಕಿಲೋ ಪೂರ್ತಿ ಹಣ್ಣಾದ ಟೊಮ್ಯಾಟೊ ತರಬೇಕು, ಅದೂ ಹುಳಿ ಇರುವ ಜವಾರಿ ಹಣ್ಣು ಸಿಕ್ಕರೆ ಬಹಳ ಒಳ್ಳೆಯದು. ತಳಕ್ಕೆ ಅಡ್ಡ ಉದ್ದ ಗೀರು ಹಾಕಿ, ಒಂದು ನಿಮಿಷ ಕುದಿನೀರಿನಲ್ಲಿಟ್ಟು ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನೇ ಬಿಡುತ್ತದೆ. ಒಂದು ಗಜ್ಜರಿಯನ್ನು ಬೇಯಿಸಿ ಜೊತೆಗೆ ರುಬ್ಬಿದರೆ ಸಕ್ಕರೆ ಹಾಕುವುದು ತಪ್ಪುತ್ತದೆ. ದಪ್ಪಕ್ಕೆ ಇಲ್ಲಿ ಅಂಬಲಿಯೂ ಬೇಕಿಲ್ಲ. ಡಬ್ಬಿಯಲ್ಲಿ ಉಳಿದ ಕಡಕ್ ರೊಟ್ಟಿಯ ಅರ್ಧ ಮುರಿದು ನೀರಿನಲ್ಲಿ ನೆನೆಸಿ ಅದನ್ನೇ ರುಬ್ಬಿರಿ. ಆಂದಲೂಸಿಯಾದವರ ಒಣ ಬ್ರೆಡ್ಡಿನ ಕೆಲಸವನ್ನು ನಮ್ಮ ರೊಟ್ಟಿ ಮಾಡುತ್ತದೆ.

ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಅದರ ಗುಣ, ತಂಪು ಸೂಪಿಗೆ ಬೇಕಾದದ್ದೂ ಅದೇ. ಎರಡು ಕಾಯಿಯ ಬೀಜ ಕೊಡವಿ, ಬೆಚ್ಚನೆಯ ನೀರಿನಲ್ಲಿ ನೆನೆಸಿ ಅರೆದು, ಆ ಖಾರವನ್ನು ಒಂದು ಚಮಚ ಕುಸುಬಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಅರೆಗಳಿಗೆ ಬಾಡಿಸಿರಿ. ಮೆಣಸಿನಕಾಯಿಯ ಕೆಂಪು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ. ಹೀಗೆ ಮಾಡಿದರೆ ಅಂಗಡಿಯ ಬಣ್ಣದ ಪುಡಿಯ ಹಂಗು ಇರುವುದಿಲ್ಲ, ಮಕ್ಕಳ ಬಾಯಿಯೂ ಉರಿಯುವುದಿಲ್ಲ. ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಇಡಲೇಬೇಡಿರಿ. ಸ್ಟೀಲು, ಗಾಜು, ಪಿಂಗಾಣಿ ಆಗುತ್ತದೆ.

ಸೋರೆಕಾಯಿಯಲ್ಲೂ ಸೂಪು ಆಗುತ್ತದೆ, ಬೇಯಿಸಿ ರುಬ್ಬಿದರೆ ಆಯಿತು. ಆದರೆ ಹಸಿಯಾಗಿದ್ದಾಗಲೇ ಒಂದು ಚೂರು ನಾಲಿಗೆಗಿಟ್ಟು ನೋಡಿರಿ. ಕಹಿ ಇದ್ದರೆ ಕಾಯಿಯನ್ನು ತಿಪ್ಪೆಗೆ ಹಾಕಿರಿ, ದುಡ್ಡಿನ ಮುಖ ನೋಡಬೇಡಿರಿ. ಕಹಿ ಸೋರೆಕಾಯಿಯಲ್ಲಿ ವಿಷದ ಅಂಶ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ವಾಂತಿ ರಕ್ತಭೇದಿ ಆಗಿ ಜೀವಕ್ಕೇ ಬಂದದ್ದುಂಟು.

ನೀರಿನ ಮಾತು ನಮ್ಮ ಊರಿನವರಿಗೆ ಖಾಸಾ ಹೇಳಬೇಕು. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಬರುತ್ತದೆ, ಎಷ್ಟೋ ಓಣಿಗಳಲ್ಲಿ ನಳ ಬರುವುದು ದಿನ ಬಿಟ್ಟು ದಿನ ಅಲ್ಲ, ವಾರಕ್ಕೊಮ್ಮೆ. ಹಾಗೆ ತುಂಬಿಟ್ಟ ನೀರನ್ನು ಸಾರಿಗೆ ಹಾಕಿದರೆ ಕುದಿಯುತ್ತದೆ, ಚಿಂತೆ ಇಲ್ಲ. ತಂಪು ಸೂಪಿಗೆ ಕಡೆಗೆ ತೆಳು ಮಾಡಲು ಹಾಕುವ ನೀರು ಒಲೆಯನ್ನೇ ಕಾಣುವುದಿಲ್ಲ. ಆದ್ದರಿಂದ ಕುದಿಸಿ ಆರಿಸಿದ ನೀರೇ ಬೇಕು. ಕೊತ್ತಂಬರಿ, ಸಬ್ಬಸಗಿಯನ್ನು ದೊಡ್ಡ ಬೋಗುಣಿಯ ನೀರಿನಲ್ಲಿ ಮುಳುಗಿಸಿ ಅಲ್ಲಾಡಿಸಿ, ತಳದಲ್ಲಿ ಮಣ್ಣು ನಿಲ್ಲದಷ್ಟು ಸಲ ನೀರು ಬದಲಿಸಿರಿ. ಪೇಟೆಯ ಬರ್ಫವನ್ನು ಬಟ್ಟಲಿಗೆ ಹಾಕಬೇಡಿರಿ. ಅದು ಕುಡಿಯುವ ನೀರಿನದ್ದೇ ಎಂದು ಹೇಳಲಾಗದು, ಮೇಲಾಗಿ ಕರಗಿ ಸೂಪು ನೀರಾಗುತ್ತದೆ. ಮಜ್ಜಿಗೆಯನ್ನೇ ಬರ್ಫದ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಂಡು ಎರಡೆರಡು ತುಂಡು ಹಾಕಿದರೆ ತಂಪೂ ಆಗುತ್ತದೆ, ರುಚಿಯೂ ಉಳಿಯುತ್ತದೆ.

ಬಿಸಿ ಅಂಬಲಿಯನ್ನು ಕಟ್ಟೆಯ ಮೇಲೆ ಸಂಜೆಯ ತನಕ ಆರಲು ಬಿಡುವುದು ಈ ಬಿಸಿಲಲ್ಲಿ ಸಲ್ಲದು. ಎರಡು ತಾಸಿನೊಳಗೆ ಫ್ರಿಜ್ಜು ಸೇರಬೇಕು. ಪರಾತಿನಲ್ಲಿ ತಣ್ಣೀರು ಹಾಕಿ, ಅದರೊಳಗೆ ಬೋಗುಣಿ ಇಟ್ಟು ತಿರುವುತ್ತಿದ್ದರೆ ಬೇಗ ಆರುತ್ತದೆ. ಫ್ರಿಜ್ಜು ಇಲ್ಲದವರು ಅದೇ ಬೋಗುಣಿಗೆ ಒದ್ದೆ ಅರಿವೆ ಸುತ್ತಿ, ಅರಿವೆಯ ಅಂಚು ಪರಾತಿನ ನೀರಿನಲ್ಲಿ ಮುಳುಗಿರುವಂತೆ ಬಿಟ್ಟು, ಗಾಳಿ ಆಡುವ ಕಿಡಕಿಯ ಹತ್ತಿರ ಇಡಿರಿ. ಹರವಿಯ ನೀರು ತಣ್ಣಗಾಗುವ ಕಾರಣವೇ ಇಲ್ಲೂ ಕೆಲಸ ಮಾಡುತ್ತದೆ, ನೀರು ಆವಿಯಾಗುತ್ತಾ ಕಾವನ್ನು ಎಳೆದುಕೊಂಡು ಹೋಗುತ್ತದೆ. ಗದಗಿನ ಒಣ ಹವೆಯಲ್ಲಿ ಇದು ಚೆನ್ನಾಗಿ ಆಗುತ್ತದೆ. ಧಾರವಾಡದಲ್ಲಿ ಮೇ ತಿಂಗಳ ಗುಡುಗು ಮಳೆ ಬಿದ್ದು ಹವೆ ತೇವವಾದ ದಿನ ಅಷ್ಟು ಆಗುವುದಿಲ್ಲ. ಹೀಗೆ ಫ್ರಿಜ್ಜಿಲ್ಲದೆ ಮಾಡುವವರು ಮೊಸರು, ಕಾಯಿ ಕೂಡಿಸುವುದನ್ನು ಉಣ್ಣುವ ಹೊತ್ತಿಗೇ ಇಟ್ಟುಕೊಂಡು, ಮಾಡಿದ್ದನ್ನು ಆ ಊಟಕ್ಕೇ ಮುಗಿಸಬೇಕು. ಮನೆಯ ಹಿರಿಯರಿಗೂ ಫ್ರಿಜ್ಜಿನ ಕೊರೆತಕ್ಕಿಂತ ಈ ಹರವಿ ತಂಪೇ ಹಿತ, ಹಲ್ಲು ಜುಮ್ಮೆನ್ನುವುದಿಲ್ಲ.

ಬಿಸಿಲಿನಿಂದ ಬಂದವರಿಗೆ ಬಂದ ಕೂಡಲೇ ಬಟ್ಟಲು ಕೊಡಬೇಡಿರಿ. ನೆರಳಿನಲ್ಲಿ ಕೂಡಿಸಿ, ಮೊದಲು ನೀರು ಕೊಟ್ಟು, ಬೆವರು ಆರಲಿ. ಮೈ ಕೆಂಡವಾಗಿ ಮಾತು ತೊದಲುತ್ತಿದ್ದರೆ, ಎಚ್ಚರ ತಪ್ಪುವಂತಿದ್ದರೆ, ಬಾಯಿಗೆ ಏನೂ ಹಾಕದೆ ಮೈಗೆ ನೀರು ಹನಿಸಿ ಗಾಳಿ ಬೀಸುತ್ತಾ ದವಾಖಾನೆಗೆ ಕರೆದೊಯ್ಯಿರಿ.

ಫ್ರಿಜ್ಜಿನಲ್ಲಿದ್ದದ್ದು ಮುಚ್ಚಳ ಹಾಕಿಯೇ ಇರಲಿ, ಇಲ್ಲದಿದ್ದರೆ ಬಳ್ಳೊಳ್ಳಿ ವಾಸನೆ ಹಾಲಿಗೂ ಹತ್ತುತ್ತದೆ. ಮಾಡಿದ ಮರುದಿನದ ಒಳಗೆ ಮುಗಿಸಿರಿ. ಕರೆಂಟ್ ಹೋಗಿ ಬಹಳ ಹೊತ್ತು ಆಗಿದ್ದರೆ ನಾಳೆಗೆ ಇಡುವ ಆಸೆ ಬಿಡಿರಿ. ಸವತೀಕಾಯಿ ಸೂಪು ಒಂದು ಬಟ್ಟಲು ಉಳಿದು, ಫ್ರಿಜ್ಜಿನಲ್ಲಿ ಚೆನ್ನಾಗಿಯೇ ಇದ್ದು, ಯಾರೂ ಕುಡಿಯದಿದ್ದರೆ, ಮರುದಿನ ಮುಂಜಾನೆ ಅದಕ್ಕೆ ಜೋಳದ ಹಿಟ್ಟು, ಒಂದು ಹಿಡಿ ಕಡಲೆ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ನಾದಿ ತಾಲಿಪೆಟ್ಟು ತಟ್ಟಿರಿ. ಹಿಟ್ಟಿಗೆ ಬೇರೆ ನೀರು ಬೇಡ, ಉಪ್ಪು ಮಾತ್ರ ನೋಡಿಕೊಂಡು ಹಾಕಿರಿ.