ದಾಸೋಹದ ಅಡುಗೆಮನೆಗೆ ಡಿಶ್‌ವಾಷರ್: ಯಂತ್ರಕ್ಕೂ ಮೊದಲು ನೀರು, ಕರೆಂಟು ನೋಡಿ

ಹಾಸ್ಟೆಲ್ ಇರಲಿ, ಮಠದ ದಾಸೋಹ ಇರಲಿ, ಒಂದು ಹೊತ್ತಿಗೆ 200 ಜನ ಉಣ್ಣುವ ಅಡುಗೆಮನೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಲಾಗಿದೆ. ಬೀದರ್‌ನ ನಾನಕ್ ಝೀರಾ ಗುರುದ್ವಾರದ ಲಂಗರ್‌ನಂಥ ದೊಡ್ಡ ಪಂಕ್ತಿಗಳ ಲೆಕ್ಕವೇ ಬೇರೆ. ಮನೆಬಳಕೆಯ ಯಂತ್ರಗಳನ್ನೇ ಎರಡು-ಮೂರು ಕೊಂಡರೆ ಅಗ್ಗ ಎನ್ನುವವರಿದ್ದಾರೆ. ಅವು ಒಮ್ಮೆ ತೊಳೆಯಲು ಒಂದೆರಡು ತಾಸು ಹಿಡಿಯುತ್ತವೆ. ಮೊದಲ ಪಂಕ್ತಿಯ ತಾಟು ಎರಡನೇ ಪಂಕ್ತಿಗೆ ಸಿಗುವುದಿಲ್ಲ. ಇಂಥಲ್ಲಿಗೆ ಹೊಂದುವುದು ಹುಡ್ ಮಾದರಿ: ಮೇಲಿನ ಮುಚ್ಚಳ ಎತ್ತಿ, 50×50 ಸೆಂ.ಮೀ. ರ‍್ಯಾಕನ್ನು ಒಳಗೆ ತಳ್ಳುವಂಥದ್ದು.

ರ‍್ಯಾಕ್ ಎಣಿಸಿ, ಜನರನ್ನಲ್ಲ

ಒಂದು ರ‍್ಯಾಕಿಗೆ 18 ಪ್ಲೇಟು ಎಂದು ಕ್ಯಾಟಲಾಗ್ ಹೇಳುವುದು ಸಣ್ಣ ಪಿಂಗಾಣಿ ಪ್ಲೇಟಿನ ಮಾತು. ನಮ್ಮ ದೊಡ್ಡ ಸ್ಟೀಲ್ ಖಾನೆ ತಾಟು ಎಂಟೊಂಬತ್ತಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. 200 ತಾಟಿಗೆ 25 ರ‍್ಯಾಕ್, ತಲಾ ಎರಡು ಬಟ್ಟಲಿಗೆ 16, ಗ್ಲಾಸಿಗೆ 8, ಚಮಚಕ್ಕೆ 2. ಒಟ್ಟು 51. ನಿಮ್ಮದೇ ತಾಟು ಒಯ್ದು ಅಂಗಡಿಯಲ್ಲಿ ಜೋಡಿಸಿ ನೋಡಿ. ಬಟ್ಟಲು ಬೋರಲಾಗಿ, ತುಸು ಓರೆಯಾಗಿ ನಿಲ್ಲಬೇಕು. ಇಲ್ಲದಿದ್ದರೆ ತಳದ ಅಂಚಿನಲ್ಲಿ ನೀರು ನಿಲ್ಲುತ್ತದೆ.

ಬಾಯ್ಲರ್ ಎಷ್ಟು ಕಿಲೋವ್ಯಾಟ್?

ಮಾರುವವರು ಹೇಳದೆ ಬಿಡುವುದು ಇದನ್ನೇ. ಕೊನೆಯ ಜಾಲಾಡುವಿಕೆಗೆ ಒಂದು ರ‍್ಯಾಕಿಗೆ ಸುಮಾರು 3 ಲೀಟರ್ ನೀರು 85 ಡಿಗ್ರಿಗೆ ಕಾಯಬೇಕು. 25 ಡಿಗ್ರಿಯ ನೀರನ್ನು ಅಲ್ಲಿಗೆ ಏರಿಸಲು 6 ಕಿಲೋವ್ಯಾಟ್ ಬಾಯ್ಲರ್‌ಗೆ ಎರಡು ನಿಮಿಷದ ಮೇಲೆ ಬೇಕು. ಅಂದರೆ ಕ್ಯಾಟಲಾಗ್ ‘ಗಂಟೆಗೆ 60 ರ‍್ಯಾಕ್’ ಎಂದರೂ ನಿಮಗೆ ದಕ್ಕುವುದು 28. ಆ 51 ರ‍್ಯಾಕ್‌ಗೆ ಹತ್ತಿರ ಹತ್ತಿರ ಎರಡು ತಾಸು. 9 ಕಿಲೋವ್ಯಾಟ್ ಆದರೆ ಗಂಟೆಗೆ 42ರ ಆಸುಪಾಸು. ನೀರು ಕಾಯುವ ತನಕ ಕಾಯದೆ ಜಾಲಾಡುವ ಯಂತ್ರಗಳೂ ಇವೆ. ವೇಗ ಕಾಣುತ್ತದೆ, ಆದರೆ ತಾಟು ಜಿಡ್ಡು ಜಿಡ್ಡಾಗಿ, ಒಣಗದೆ ಹೊರಬರುತ್ತದೆ. ಅಂಥದ್ದು ಬೇಡ.

ನಮ್ಮ ಬಿಸಿಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೋಲಾರ್ ಹೀಟರಿನ 55 ಡಿಗ್ರಿ ನೀರು ಕೊಟ್ಟರೆ ಕಾಯಿಸುವ ಹೊತ್ತೂ ಕರೆಂಟೂ ಅರ್ಧಕ್ಕಿಳಿಯುತ್ತವೆ. ಒಳಬರುವ ನೀರಿನ ಗರಿಷ್ಠ ಉಷ್ಣತೆ ಎಷ್ಟಿರಬಹುದೆಂದು ಕೈಪಿಡಿಯಲ್ಲಿ ನೋಡಿಕೊಂಡು ಜೋಡಿಸಿ.

ತ್ರೀ ಫೇಸ್ ಸಂಪರ್ಕ ಬೇಕೇ ಬೇಕು. ನಮ್ಮ ಕಲಬುರಗಿ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ನಿಮ್ಮ ಮಂಜೂರಾದ ಲೋಡ್ ಸಾಲುತ್ತದೆಯೇ ಎಂದು ಮೊದಲೇ ಕೇಳಿ. 415 ವೋಲ್ಟ್ ಇರಬೇಕಾದಲ್ಲಿ 360ಕ್ಕೆ ಇಳಿದರೆ ಹೀಟರಿನ ಶಕ್ತಿ ಕಾಲುಭಾಗ ಹೋಗುತ್ತದೆ. ಒಂದು ಫೇಸ್ ಹೋದರೆ ಪಂಪಿನ ಮೋಟಾರ್ ಸುಡುತ್ತದೆ, ಹಾಗಾಗಿ ಆಗ ಮೋಟಾರನ್ನು ತಾನೇ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ.

ನೀರಿನ ಗಡಸುತನ

ಸೇಡಂ, ಚಿತ್ತಾಪುರ, ಶಹಾಬಾದ್ ಸುಣ್ಣಕಲ್ಲಿನ ನೆಲ, ಬೀದರ್‌ನದು ಜಂಬಿಟ್ಟಿಗೆ. ಪಕ್ಕದ ಊರಿನವರಿಗೆ ಸರಿಹೋದದ್ದು ನಿಮ್ಮ ಬೋರ್‌ವೆಲ್ಲಿಗೆ ಸರಿಹೋಗಬೇಕೆಂದಿಲ್ಲ. ಕುಡಿಯುವ ನೀರಿನ ಮಾನದಂಡ ಬೇರೆ ದಾರಿಯಿಲ್ಲದಾಗ ಲೀಟರಿಗೆ 600 ಮಿ.ಗ್ರಾಂ. ಗಡಸುತನವನ್ನೂ ಒಪ್ಪುತ್ತದೆ, ಯಂತ್ರ ಒಪ್ಪುವುದಿಲ್ಲ. ಅದಕ್ಕೆ ಸುಮಾರು 100ರೊಳಗೆ ಇರಬೇಕು. ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ತೋರಿಸಿದರೆ ನಂಬಬೇಡಿ, ಅದು ನೀರಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ತೋರಿಸುತ್ತದೆಯೇ ಹೊರತು ಗಡಸುತನ ಅಳೆಯುವುದಿಲ್ಲ. ಪ್ರಯೋಗಾಲಯದ ವರದಿ ತೆಗೆಸಿ.

ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಲೆಕ್ಕ ಹೀಗೆ. ಅದರೊಳಗಿನ ರೆಸಿನ್ (ರಾಳದ ಸಣ್ಣ ಮಣಿಗಳು) ಒಂದು ಲೀಟರಿಗೆ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರ್ ರೆಸಿನ್‌ಗೆ 1,250 ಗ್ರಾಂ. ನೀರಿನ ಗಡಸುತನ ಲೀಟರಿಗೆ 500 ಮಿ.ಗ್ರಾಂ. ಇದ್ದರೆ 2,500 ಲೀಟರ್ ನಂತರ ರೆಸಿನ್ ದಣಿಯುತ್ತದೆ. ಯಂತ್ರದ ಟ್ಯಾಂಕ್ ತುಂಬುವುದೂ ಸೇರಿ ಹೊತ್ತಿಗೆ 200 ಲೀಟರ್ ಹಿಡಿದರೆ, ಎರಡು ಹೊತ್ತಿನ ಅಡುಗೆಮನೆಯಲ್ಲಿ ಆರು ದಿನಕ್ಕೊಮ್ಮೆ 3-4 ಕೆ.ಜಿ. ಉಪ್ಪು ಹಾಕಿ ಅದನ್ನು ತೊಳೆಯಬೇಕು. ಈ ಕೆಲಸ ಯಾರದೆಂದು ಮೊದಲೇ ಹೆಸರು ಹಚ್ಚಿ. ಸೋಲಾರ್ ಇದ್ದರೆ ಸಾಫ್ಟ್‌ನರ್ ಅದಕ್ಕೂ ಮೊದಲು ಬರಬೇಕು, ಬಿಸಿನೀರು ಸಾಫ್ಟ್‌ನರಿನ ಪ್ಲಾಸ್ಟಿಕ್ ವಾಲ್ವನ್ನು ಹಾಳುಮಾಡುತ್ತದೆ.

ತಾಟಿನ ಮೇಲೆ ಬಿಳಿ ಪೊರೆ ಕಂಡರೆ ನಿಂಬೆಹೋಳಿನಿಂದ ಉಜ್ಜಿ. ಹೋದರೆ ಸುಣ್ಣ, ಹೋಗದಿದ್ದರೆ ಹೆಚ್ಚಾಗಿ ಹಿಟ್ಟಿನ ಗಂಜಿ. ಮೊದಲನೆಯದಕ್ಕೆ ಸಾಫ್ಟ್‌ನರ್ ನೋಡಿ, ಎರಡನೆಯದಕ್ಕೆ ಡಿಟರ್ಜೆಂಟ್ ಪ್ರಮಾಣ.

ಜೋಡಿಸುವ ಜಾಗ

10 ಮೀಟರ್ ಎತ್ತರದ ನೀರಿಗೆ 1 ಬಾರ್ ಒತ್ತಡ. ಒಂದಂತಸ್ತಿನ ಮಾಳಿಗೆಯ ಟ್ಯಾಂಕ್ ಅರ್ಧ ಬಾರ್ ಕೊಟ್ಟರೆ ಹೆಚ್ಚು. ಬಹಳಷ್ಟು ಯಂತ್ರಗಳು 2 ಬಾರ್ ಕೇಳುತ್ತವೆ. ಜಾಲಾಡುವ ಪಂಪ್ ಒಳಗೇ ಇರುವ ಮಾದರಿ ಕೊಳ್ಳಿ, ಇಲ್ಲವೇ ಬೂಸ್ಟರ್ ಪಂಪ್ ಹಾಕಿ. ಡ್ರೈನ್ ಯಂತ್ರದ ತಳಕ್ಕಿಂತ ಕೆಳಗಿರಲಿ. ಹಬೆ ಹೋಗಲು ಎಕ್ಸಾಸ್ಟ್ ಫ್ಯಾನ್ ಬೇಕು.

ಏನು ಹಾಕಬಾರದು

ಅಲ್ಯೂಮಿನಿಯಂ ಡಬರಿ ಕ್ಷಾರದ ಡಿಟರ್ಜೆಂಟಿಗೆ ಕಪ್ಪಾಗುತ್ತದೆ, ಕಬ್ಬಿಣದ ಹಂಚು ತುಕ್ಕು ಹಿಡಿಯುತ್ತದೆ, ಕಟ್ಟಿಗೆಯ ಕೊಣಮಿಗೆ ಬಿರಿಯುತ್ತದೆ. ಇವಕ್ಕೂ ದೊಡ್ಡ ಪಾತ್ರೆಗಳಿಗೂ ಆಳದ ಸಿಂಕ್ ಒಂದು ಉಳಿಯಲೇಬೇಕು. ಜೋಳದ ಹಿಟ್ಟು ಒಣಗಿದ ಪರಾತವನ್ನು ಮೊದಲು ತಣ್ಣೀರಲ್ಲಿ ನೆನೆಸಿ; ಬಿಸಿನೀರು ಬಿದ್ದರೆ ಹಿಟ್ಟು ಅಂಟಾಗಿ ಕಚ್ಚಿಕೊಳ್ಳುತ್ತದೆ. ಶೇಂಗಾ ಹಿಂಡಿ, ಬೇಳೆ ಕಾಳು ಕೆರೆದು ಹಾಕಿಯೇ ರ‍್ಯಾಕ್ ತುಂಬಿ. ಕೈಯಿಂದ ತಿಕ್ಕುವ ಸೋಪು ಒಂದಿಷ್ಟು ಒಳಗೆ ಹೋದರೂ ನೊರೆ ಎದ್ದು ಪಂಪಿನ ಒತ್ತಡ ಬಿದ್ದುಹೋಗುತ್ತದೆ.

ತೊಳೆಯುವ ಟ್ಯಾಂಕ್ 40 ಲೀಟರ್ ಇದ್ದು ಹೀಟರ್ 2 ಕಿಲೋವ್ಯಾಟ್ ಆದರೆ ಕಾಯಲು ಮುಕ್ಕಾಲು ಗಂಟೆ ಬೇಕು. ಪಂಕ್ತಿ ಕೂರುವ ಮೊದಲೇ ಸ್ವಿಚ್ ಹಾಕಿ. ಮುಂಗಡ ಕೊಡುವ ಮುನ್ನ ಎರಡು ಮಾತು ಬರೆಸಿಕೊಳ್ಳಿ: ರಿಪೇರಿಯವರು ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತಾರೆ, ಹೀಟರ್, ಸೊಲೆನಾಯ್ಡ್ ವಾಲ್ವ್, ಥರ್ಮೋಸ್ಟಾಟ್ ಕಲಬುರಗಿಯಲ್ಲೇ ಸಿಗುತ್ತವೆಯೋ, ಹೈದರಾಬಾದಿನಿಂದ ತರಿಸಬೇಕೋ. ತರಿಸಬೇಕೆಂದರೆ ಒಂದೊಂದು ಬಿಡಿಭಾಗ ಯಂತ್ರದ ಜೊತೆಗೇ ಕೊಂಡಿಡಿ.