ಪೆಟ್ರೋಲ್ ಟ್ಯಾಂಕಿನಲ್ಲಿ ಒತ್ತಡ ಹೆಚ್ಚುತ್ತಿದ್ದುದಕ್ಕೆ ಸಿಕ್ಕ ಕಾರಣ

ಕಲಬುರಗಿಯ ಬೇಸಿಗೆಯಲ್ಲಿ ಬಂಕಿಗೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದರೆ ಪೆಟ್ರೋಲ್ ಆವಿ ಬುಸ್ಸೆಂದು ಹೊರನುಗ್ಗುತ್ತಿತ್ತು. ಬಿಸಿಲಿಗೆ ಪೆಟ್ರೋಲ್ ಹೆಚ್ಚು ಆವಿಯಾಗುವುದರಿಂದ ಸಣ್ಣ ಸದ್ದು ಸಹಜವೇ. ಆದರೆ ನಮ್ಮ ಕಾರಿನಲ್ಲಿ ತಂಪಾದ ಮುಂಜಾನೆಯೂ ಅದು ನಿಲ್ಲದಿದ್ದುದು ನನ್ನನ್ನು ಚಿಂತೆಗೀಡುಮಾಡಿತು.

ಟ್ಯಾಂಕಿನ ಆವಿಯನ್ನು ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿ ಹೀರಿಕೊಳ್ಳುತ್ತದೆ. ಎಂಜಿನ್ ಓಡುವಾಗ, ಆವಿಯನ್ನು ಅದರೊಳಗೆ ಬಿಡುವ ಪರ್ಜ್ ವಾಲ್ವ್ ತೆರೆದುಕೊಂಡು, ಎಂಜಿನ್ ಆ ಆವಿಯನ್ನು ಉರಿಸಲು ಎಳೆದುಕೊಳ್ಳುತ್ತದೆ, ಹೊರಗಿನ ಗಾಳಿ ವೆಂಟ್ ಕೊಳವೆಯ ಮೂಲಕ ಒಳಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡರೂ ಆವಿ ಟ್ಯಾಂಕಿನಲ್ಲೇ ಉಳಿಯಬಹುದು. ಆದ್ದರಿಂದ ಮುಚ್ಚಳವನ್ನಷ್ಟೇ ಬದಲಿಸಿ ಸುಮ್ಮನಾಗುವುದು ಸರಿಯಲ್ಲವೆಂದು ನನ್ನ ದೃಢ ಅಭಿಪ್ರಾಯ.

ಎಂಜಿನ್ ಆರಿಸಿ ತಣ್ಣಗಾದ ಬಳಿಕ, ಬಯಲಿನಲ್ಲಿ, ಮೆಕ್ಯಾನಿಕ್ ಪರ್ಜ್ ವಾಲ್ವನ್ನು ಪರೀಕ್ಷಿಸಿದರು. ಅದು ಸರಿಯಾಗಿಯೇ ತೆರೆದು ಮುಚ್ಚುತ್ತಿತ್ತು. ಅನಂತರ ಕ್ಯಾನಿಸ್ಟರಿನ ವೆಂಟ್ ಕೊಳವೆಯನ್ನು ಬಿಚ್ಚಿದಾಗ, ಅದರ ತುದಿಯಲ್ಲಿ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು ಗಟ್ಟಿಯಾಗಿ ಕೂತಿತ್ತು. ಕ್ಯಾನಿಸ್ಟರ್ ಒಣಗಿಯೇ ಇದ್ದುದರಿಂದ ಅದನ್ನು ಬದಲಿಸಬೇಕಾಗಲಿಲ್ಲ; ಕೊಳವೆಯನ್ನು ಶುಚಿಗೊಳಿಸಿ ಮರಳಿ ಜೋಡಿಸಿದ ಮೇಲೆ ಒತ್ತಡ ಕಟ್ಟಿಕೊಳ್ಳುವುದು ನಿಂತಿತು.

ನಾಜಲ್ ತಾನಾಗಿ ನಿಂತ ಬಳಿಕವೂ ಹಣ ಸರಿಹೊಂದಿಸಲೆಂದು ಮತ್ತಷ್ಟು ಪೆಟ್ರೋಲ್ ಹಾಕಿಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಹಾಗೆ ಮಾಡಿದರೆ ದ್ರವ ಪೆಟ್ರೋಲ್ ಕ್ಯಾನಿಸ್ಟರಿಗೆ ಇಳಿದು ಇದ್ದಿಲು ಕೆಡಬಹುದು, ಆಗ ಇಡೀ ಕ್ಯಾನಿಸ್ಟರನ್ನೇ ಬದಲಿಸಬೇಕಾಗುತ್ತದೆ. ಒತ್ತಡವಿರುವ ಟ್ಯಾಂಕಿನ ಮುಚ್ಚಳವನ್ನು ಮುಖ ದೂರವಿಟ್ಟು, ಸದ್ದು ಅಡಗುವವರೆಗೂ ನಿಧಾನವಾಗಿ ತಿರುಗಿಸಬೇಕು.