ಹಳೇ ಆರ್ಕೇಡ್ ಕ್ಯಾಬಿನೆಟ್ ರಿಪೇರಿ: ಬೋರ್ಡ್ ಬಿಚ್ಚುವ ಮೊದಲು ಐದು ವೋಲ್ಟ್ ಅಳೆಯಿರಿ

ಕಾಸು ಹಾಕಿ ಆಡುವ ಹಳೇ ವಿಡಿಯೊ ಗೇಮ್ ಪೆಟ್ಟಿಗೆಯ (ಆರ್ಕೇಡ್ ಕ್ಯಾಬಿನೆಟ್) ಪರದೆ ತುಂಬ ಕಲಸುಮೇಲೋಗರದ ಅಕ್ಷರ ಬಂದು ಆಟ ನಿಂತುಬಿಟ್ಟರೆ ಎಲ್ಲರಿಗೂ ಮೊದಲು ಆಟದ ಚಿಪ್ಪುಗಳಿರುವ ಗೇಮ್ ಬೋರ್ಡಿನ ಮೇಲೇ ಅನುಮಾನ. ನಾನು ಬೋರ್ಡನ್ನು ಕಟ್ಟಕಡೆಗೆ ಮುಟ್ಟುತ್ತೇನೆ. 1980ರ ದಶಕದ ಕ್ಯಾಬಿನೆಟ್‌ಗಳಲ್ಲಿ ನಾನು ಕಂಡ ತಕರಾರುಗಳಲ್ಲಿ ಹೆಚ್ಚಿನವು ಪವರ್ ಸಪ್ಲೈ ಇಲ್ಲವೇ ಕನೆಕ್ಟರ್‌ನವು.

ಪ್ಲಗ್ ಕಿತ್ತ ಕೂಡಲೇ ಪಿಕ್ಚರ್ ಟ್ಯೂಬಿನ ಚಾರ್ಜ್ ಇಳಿಸುತ್ತೇನೆ. 19 ಇಂಚಿನ ಕಲರ್ ಟ್ಯೂಬಿನ ಆನೋಡ್‌ನಲ್ಲಿ (ರಬ್ಬರ್ ಟೋಪಿಯಡಿ ಇರುವ ಹೈವೋಲ್ಟೇಜ್ ತುದಿ) 20,000 ವೋಲ್ಟ್‌ಗೂ ಮೇಲಿರುತ್ತದೆ, ಸ್ವಿಚ್ ಆರಿಸಿದರೂ ಟ್ಯೂಬ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳ್ಳೆಯ ಇನ್ಸುಲೇಷನ್ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರ್‌ನ ಕಂಬಿಗೆ ಕ್ಲಿಪ್ ವೈರ್ ಕಚ್ಚಿಸಿ, ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗಿರುವ ಹೆಣೆದ ಅರ್ತ್ ತಂತಿಗೆ ಹಾಕಬೇಕು. ಒಂದು ಕೈ ಬೆನ್ನ ಹಿಂದೆ. ತುದಿಯನ್ನು ರಬ್ಬರ್ ಟೋಪಿಯಡಿ ತೂರಿಸಿದರೆ ಕೆಲವೊಮ್ಮೆ ಟಪ್ ಎನ್ನುತ್ತದೆ, ಕೆಲವೊಮ್ಮೆ ಸದ್ದೇ ಇಲ್ಲ. ಐದು ನಿಮಿಷ ಬಿಟ್ಟು ಮತ್ತೆ ಮಾಡಿ. ಸ್ವಲ್ಪ ಚಾರ್ಜ್ ಮರಳಿ ಕೂಡಿಕೊಳ್ಳುತ್ತದೆ.

ಇನ್ನು ಪವರ್ ಸಪ್ಲೈ ಗೇಮ್ ಬೋರ್ಡಿಗೆ ಕೊಡುವ ಐದು ವೋಲ್ಟ್. ಸಪ್ಲೈ ಟರ್ಮಿನಲ್‌ನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಪ್ಲಗ್ ಮತ್ತೆ ಹಾಕಿ, ಆಟ ಓಡುತ್ತಿರುವಾಗಲೇ, ಬೋರ್ಡ್ ಮೇಲಿನ ಚಿಪ್ಪಿನ ಕಾಲಿನಲ್ಲಿ ಅಳೆಯಬೇಕು. ಈ ಬೋರ್ಡುಗಳಲ್ಲಿರುವ ಟಿಟಿಎಲ್ ಬಗೆಯ ಲಾಜಿಕ್ ಚಿಪ್‌ಗಳಿಗೆ 4.75ರಿಂದ 5.25 ವೋಲ್ಟ್ ಬೇಕು, ನಾನು 5.00–5.05ಕ್ಕೆ ನಿಲ್ಲಿಸುತ್ತೇನೆ. ಸಪ್ಲೈನಲ್ಲಿ 5.1, ಬೋರ್ಡಿನಲ್ಲಿ 4.6 ಬಂತು ಅಂದರೆ ಅರ್ಧ ವೋಲ್ಟ್ ದಾರಿಯಲ್ಲೇ ಸೋರಿತು. ಬೋರ್ಡ್ 5 ಆಂಪಿಯರ್ ಎಳೆಯುವಾಗ ಸಂಪರ್ಕದ ಕೊಳಕಿನಿಂದಾಗುವ ಬರೀ 0.1 ಓಮ್ ತಡೆ ಇದಕ್ಕೆ ಸಾಕು. ಎಲ್ಲಿ ಸೋರಿತೆಂದು ತಿಳಿಯಲು ಮೀಟರಿನ ಒಂದು ಕಡ್ಡಿ ಸಪ್ಲೈನ +5ಕ್ಕೆ, ಇನ್ನೊಂದು ಬೋರ್ಡಿನ +5ಕ್ಕೆ ಇಡಿ. ಸೊನ್ನೆಯ ಆಸುಪಾಸು ಬರಬೇಕು. ಗ್ರೌಂಡಿಗೂ ಹಾಗೇ ಮಾಡಿ. ಈ ಕಡೆಯ ಸೋರಿಕೆಯನ್ನು ಬಹಳ ಜನ ನೋಡುವುದೇ ಇಲ್ಲ.

ಸಪ್ಲೈನಲ್ಲಿ ವೋಲ್ಟೇಜ್ ಹೊಂದಿಸುವ ತಿರುಪು ಏರಿಸಿ ಕೊರತೆ ತುಂಬುವುದು ದಡ್ಡತನ. ಸುಟ್ಟ ಸಂಪರ್ಕ ಇನ್ನಷ್ಟು ಕಾದು ಪ್ಲಾಸ್ಟಿಕ್ ಕಂದಾಗುತ್ತದೆ, ಪಿನ್ನು ಬಿಗಿ ಕಳೆದುಕೊಳ್ಳುತ್ತದೆ. ಜಾಮಾ ಹಾರ್ನೆಸ್ (ಕ್ಯಾಬಿನೆಟ್ಟನ್ನು ಬೋರ್ಡಿಗೆ ಜೋಡಿಸುವ ಒಂದು ಸಾಮಾನ್ಯ ಮಾದರಿಯ ತಂತಿಗಂಟು) ಇದ್ದರೆ 56 ಸಂಪರ್ಕಗಳಲ್ಲಿ 3, 4, ಸಿ, ಡಿ ಐದು ವೋಲ್ಟಿನವು, ಮೊದಲು ಅವನ್ನೇ ನೋಡಿ. ಬೋರ್ಡಿನ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಕಂದಾದ ಕನೆಕ್ಟರನ್ನು ಮಾತ್ರ ಬದಲಿಸಲೇಬೇಕು.

ಮಾನಿಟರಿನಲ್ಲಿ ಅಡ್ಡಲಾಗಿ ಒಂದೇ ಗೆರೆ ಉರಿದರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ವಿಭಾಗ ಕೈಕೊಟ್ಟಿದೆ. ಆ ಗೆರೆಯನ್ನು ಹಾಗೇ ಬಿಟ್ಟರೆ ಪರದೆಯ ಒಳಗಿನ ಹೊಳೆಯುವ ಲೇಪ (ಫಾಸ್ಫರ್) ಸುಡುತ್ತದೆ, ಬ್ರೈಟ್‌ನೆಸ್ ಇಳಿಸಿ. ಮೊದಲು ಯೋಕ್ (ಟ್ಯೂಬಿನ ಕತ್ತಿನ ಸುತ್ತಲಿನ ತಂತಿ ಸುರುಳಿ) ಕನೆಕ್ಟರಿನ ಬೆಸುಗೆ ನೋಡಿ: ಪಿನ್ನಿನ ಸುತ್ತ ಕೂದಲೆಳೆಯಷ್ಟು ಉಂಗುರದ ಬಿರುಕು ಕಂಡರೆ ಹೊಸದಾಗಿ ಬೆಸುಗೆ ಹಾಕಿ. ಆಮೇಲೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ಶಾಖ ತಾಳುವವು. ಒಂದು ತೆಗೆದು ಒಂದು ಹಾಕಿ. ಎಲ್ಲ ಕಿತ್ತಿಟ್ಟರೆ ಧ್ರುವ ತಿರುಗುಮುರುಗಾಗುತ್ತದೆ. ಎಷ್ಟೋ ಮಾನಿಟರ್‌ಗಳಿಗೆ ಮೇನ್ಸ್ ಕರೆಂಟಿನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದಿಲ್ಲದೆ ಮೇಜಿನ ಮೇಲೆ ಪರೀಕ್ಷಿಸಿದರೆ ಮಾನಿಟರಿನ ಲೋಹದ ಚೌಕಟ್ಟೇ (ಚಾಸಿ) ಕರೆಂಟ್ ಹೊಡೆದೀತು.

ಬೋರ್ಡಿನ ಬ್ಯಾಟರಿ ಸೋರಿ ಹಸಿರುಗಟ್ಟಿದ್ದರೆ ಬಿಳಿ ವಿನೆಗರ್, ನೀರು, ಆಲ್ಕೋಹಾಲ್, ಈ ಕ್ರಮದಲ್ಲಿ ತೊಳೆಯಿರಿ. ಗುಂಡಿ, ಜಾಯ್‌ಸ್ಟಿಕ್ಕಿನಡಿಯ ಲೀಫ್ ಸ್ವಿಚ್‌ಗೆ (ಎರಡು ಲೋಹದ ಎಲೆ ತಾಗಿದಾಗ ಕೆಲಸ ಮಾಡುವ ಸ್ವಿಚ್) ಉಪ್ಪುಕಾಗದ ತಾಗಿಸಬೇಡಿ, ಚಿನ್ನದ ಲೇಪ ಹೋಗುತ್ತದೆ. ಆಲ್ಕೋಹಾಲ್ ಸವರಿದ ದಪ್ಪ ಕಾಗದದ ಪಟ್ಟಿಯನ್ನು ಎಲೆಗಳ ನಡುವೆ ಎಳೆದರಾಯಿತು.

ಎಲ್ಲ ಮುಗಿದ ಮೇಲೆ ಎರಡು ಗಂಟೆ ಓಡಿಸಿ ಐದು ವೋಲ್ಟ್ ಮತ್ತೆ ಅಳೆಯುತ್ತೇನೆ. ಆಮೇಲೆ ಪ್ಲಗ್ ಕಿತ್ತು ಕನೆಕ್ಟರ್ ಮುಟ್ಟಿ ನೋಡುವುದು: ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಮತ್ತೆ ಬಿಚ್ಚಬೇಕು.